ಒಂದೇ ಮಾತು ಆಡುವವರು ಬೇರೆ ಬೇರೆ ದೇಶ ಆಗುವುದು ಯಾವುದರಿಂದ? ಧರ್ಮವಾ, ಚರಿತ್ರೆಯಾ?

ನಕ್ಷೆಪ್ರಿಯ:

ಕೆಲವು ವಾರಗಳಿಂದ ಯುರೋಪಿನ ಬಾಲ್ಕನ್ ಪ್ರದೇಶದಲ್ಲಿದ್ದ ಯುಗೊಸ್ಲಾವಿಯಾ ಒಡೆದುಹೋದ ಕತೆ ಓದುತ್ತಿದ್ದೇನೆ. ಒಂದು ವಿಷಯ ತಲೆಯಿಂದ ಹೋಗುತ್ತಲೇ ಇಲ್ಲ. ಸರ್ಬರು, ಕ್ರೊಯಾಟರು, ಬೋಸ್ನಿಯಾಕರು ಆಡುವ ಮಾತು ಹೆಚ್ಚುಕಡಿಮೆ ಒಂದೇ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಸಲೀಸಾಗಿ ಅರ್ಥವಾಗುತ್ತದೆ. ಬೇರೆ ಇರುವುದು ಧರ್ಮ. ಸರ್ಬರು ಆರ್ಥೊಡಾಕ್ಸ್ ಕ್ರೈಸ್ತರು, ಕ್ರೊಯಾಟರು ಕ್ಯಾಥೊಲಿಕರು, ಬೋಸ್ನಿಯಾಕರು ಮುಸ್ಲಿಮರು. ಆದರೆ ಅಲ್ಲಿ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಕಮ್ಯುನಿಸ್ಟ್ ಆಡಳಿತ ಇತ್ತು, ಎಷ್ಟೋ ಜನ ಚರ್ಚಿಗೂ ಹೋಗುತ್ತಿರಲಿಲ್ಲ, ಮಸೀದಿಗೂ ಹೋಗುತ್ತಿರಲಿಲ್ಲ. ಹೀಗಿದ್ದೂ 1992ರಿಂದ 1995ರವರೆಗಿನ ಬೋಸ್ನಿಯಾ ಯುದ್ಧದಲ್ಲಿ ಸುಮಾರು 1 ಲಕ್ಷ ಜನ ಸತ್ತರು. ದೇವರ ಮೇಲೆ ನಂಬಿಕೆಯೇ ಇಲ್ಲದವನನ್ನೂ ಅವನ ಹೆಸರು ಕೇಳಿಯೇ ಇವನು ಇಂಥವನು ಅಂತ ಬೇರೆ ಮಾಡಿದರು.

ಹಾಗಾದರೆ ದೇಶಗಳನ್ನು ಬೇರೆ ಮಾಡುವುದು ಕೊನೆಗೆ ಧರ್ಮವೇನಾ? ಆದರೆ ಡೆನ್ಮಾರ್ಕ್, ನಾರ್ವೆ, ಸ್ವೀಡನ್ ನೋಡಿ. ಮೂರೂ ಕಡೆ ಲುಥೆರನ್ ಚರ್ಚು, ಭಾಷೆಗಳೂ ಅಕ್ಕತಂಗಿಯರ ಹಾಗೆ. ಆದರೂ ಮೂರು ದೇಶ. ಧರ್ಮ, ಚರಿತ್ರೆ, ಸಂಸ್ಕೃತಿ ಇವುಗಳಲ್ಲಿ ಯಾವುದರ ತೂಕ ಜಾಸ್ತಿ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಹಳೆಪುಟ:

ಮೂರನ್ನೂ ತಕ್ಕಡಿಗೆ ಹಾಕಿ ಯಾವುದು ಭಾರ ಅಂತ ನೋಡಿದರೆ ಉತ್ತರ ಸಿಗುವುದಿಲ್ಲ ಅನಿಸುತ್ತದೆ. ನಾನು ಗಮನಿಸಿದ್ದು ಇಷ್ಟು: ಎದುರಿಗೆ ನಿಂತವನಿಗಿಂತ ನಾನು ಯಾವುದರಲ್ಲಿ ಬೇರೆಯೋ ಅದೇ ನನ್ನ ಗುರುತಾಗುತ್ತದೆ. ಎದುರಾಳಿ ಬದಲಾದರೆ ಗುರುತೂ ಬದಲಾಗುತ್ತದೆ.

ಪೋಲೆಂಡನ್ನು ತೆಗೆದುಕೊಳ್ಳಿ. 1772, 1793, 1795 ಹೀಗೆ ಮೂರು ಸಲ ಅಕ್ಕಪಕ್ಕದ ದೊಡ್ಡ ರಾಜ್ಯಗಳು ಅದನ್ನು ಹರಿದು ಹಂಚಿಕೊಂಡವು. ಆಮೇಲೆ 1918ರವರೆಗೆ, ಅಂದರೆ 123 ವರ್ಷ, ಪೋಲೆಂಡ್ ಅನ್ನುವ ಸ್ವತಂತ್ರ ದೇಶವೇ ಇರಲಿಲ್ಲ. ಒಂದು ಕಡೆ ಆಳುವ ರಷ್ಯಾ ಆರ್ಥೊಡಾಕ್ಸ್, ಇನ್ನೊಂದು ಕಡೆ ಜರ್ಮನ್ ರಾಜ್ಯವಾದ ಪ್ರಶ್ಯಾ ಪ್ರಾಟೆಸ್ಟಂಟ್. ನಡುವೆ ಸಿಕ್ಕಿಕೊಂಡ ಜನರಿಗೆ ಕ್ಯಾಥೊಲಿಕ್ ಆಗಿರುವುದೂ ಪೋಲಿಷ್ ಆಗಿರುವುದೂ ಒಂದೇ ಅನ್ನುವ ಹಾಗಾಯಿತು. ಆಸ್ಟ್ರಿಯಾದ ಪಾಲಿಗೆ ಹೋದ ಭಾಗದಲ್ಲಿ ಆಳುವವರೂ ಕ್ಯಾಥೊಲಿಕರೇ, ಅಲ್ಲಿ ದೊರೆಯಿಂದ ಬೇರೆ ಅಂತ ತೋರಿಸಿಕೊಳ್ಳಲು ಧರ್ಮ ಉಪಯೋಗಕ್ಕೆ ಬರಲಿಲ್ಲ. ಭಾಷೆ, ಹಳೆಯ ನೆನಪು ಇವೇ ಕೈಹಿಡಿದವು.

ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬಾಂಗ್ಲಾದೇಶ. 1947ರಲ್ಲಿ ಪೂರ್ವ ಬಂಗಾಳ ಪಾಕಿಸ್ತಾನಕ್ಕೆ ಸೇರಿದ್ದು ಧರ್ಮದ ಲೆಕ್ಕದಲ್ಲಿ. ಮರುವರ್ಷವೇ ಜಿನ್ನಾ ಢಾಕಾಗೆ ಬಂದು ಉರ್ದು ಒಂದೇ ರಾಷ್ಟ್ರಭಾಷೆ ಅಂದರು. 1952ರ ಫೆಬ್ರುವರಿ 21ರಂದು ಬಂಗಾಳಿಗಾಗಿ ಬೀದಿಗಿಳಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. 1971ರಲ್ಲಿ ದೇಶವೇ ಬೇರೆಯಾಯಿತು. ಜನ ಅವರೇ, ನೆಲ ಅದೇ, ಧರ್ಮವನ್ನೂ ಬಿಟ್ಟಿರಲಿಲ್ಲ. ಶೇಖ್ ಮುಜಿಬುರ್ ರಹಮಾನ್ ಅವರು ವಿದ್ಯಾರ್ಥಿಯಾಗಿದ್ದಾಗ ಪಾಕಿಸ್ತಾನ ಬೇಕು ಅಂತ ಮುಸ್ಲಿಂ ಲೀಗಿಗೆ ದುಡಿದವರು, ಆಮೇಲೆ ಬಾಂಗ್ಲಾದೇಶದ ಹೋರಾಟದ ಮುಂದಾಳು ಆದವರೂ ಅವರೇ. 24 ವರ್ಷದಲ್ಲಿ "ನಾವು ಯಾರು" ಅನ್ನುವ ಪ್ರಶ್ನೆಗೆ ಎರಡು ಉತ್ತರ ಬಂತು. ಎರಡೂ ನಿಜವಾದ ಉತ್ತರಗಳೇ ಅಂತ ನಾನು ನಂಬುತ್ತೇನೆ.

ನಾರ್ವೆ ವಿಷಯ ಬೇರೆ. 1814ರವರೆಗೆ ಡೆನ್ಮಾರ್ಕಿನ ಜೊತೆ, ಆಮೇಲೆ 1905ರವರೆಗೆ ಸ್ವೀಡನ್ ರಾಜನ ಕೆಳಗೆ. ಬರೆಯುವ ಭಾಷೆಯೂ ಡ್ಯಾನಿಷ್ ಆಗಿಬಿಟ್ಟಿತ್ತು. ಐವಾರ್ ಓಸೆನ್ ಎಂಬುವರು ಹಳ್ಳಿಹಳ್ಳಿ ತಿರುಗಿ ಜನರ ಆಡುಮಾತು ಸಂಗ್ರಹಿಸಿ ಅದರಿಂದ ಒಂದು ಹೊಸ ಬರಹದ ಭಾಷೆ ಕಟ್ಟಿದರು. 1885ರಲ್ಲಿ ಅದಕ್ಕೆ ಸರ್ಕಾರದ ಸಮಾನ ಮನ್ನಣೆ ಸಿಕ್ಕಿತು. ಇಲ್ಲಿ ಬೇರೆ ಆಗಬೇಕು ಅನ್ನುವ ಆಸೆ ಮೊದಲು ಬಂತು, ಸಂಸ್ಕೃತಿಯ ಬೇರೆತನವನ್ನು ಆಮೇಲೆ ಹುಡುಕಿ ತಂದರು.

ಕಡಲಂಚು:

ಹಳೆಪುಟ ಅವರ ಮಾತು ಒಪ್ಪುತ್ತೇನೆ, ಆದರೆ ಅದರಲ್ಲಿ ಒಂದು ಬಿಟ್ಟುಹೋಗಿದೆ. ಗುರುತು ಯಾವುದು ಅಂತ ಜನರೇ ಆರಿಸಿಕೊಳ್ಳುತ್ತಾರೆ ಅನ್ನುವ ಹಾಗಿದೆ ಅದು. ಎಷ್ಟೋ ಸಲ ಆರಿಸುವವರು ದಫ್ತರ ಹಿಡಿದ ಅಧಿಕಾರಿಗಳು.

1923ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಗ್ರೀಸ್ ಮತ್ತು ಟರ್ಕಿ ಒಂದು ಒಪ್ಪಂದ ಮಾಡಿಕೊಂಡವು. ಟರ್ಕಿಯಲ್ಲಿರುವ ಗ್ರೀಕರು ಗ್ರೀಸಿಗೆ, ಗ್ರೀಸಿನಲ್ಲಿರುವ ತುರ್ಕರು ಟರ್ಕಿಗೆ. ಕೇಳಲು ಸರಳ. ಆದರೆ ಗ್ರೀಕ ಯಾರು, ತುರ್ಕ ಯಾರು ಅಂತ ಗೊತ್ತುಮಾಡಿದ್ದು ಧರ್ಮದ ಮೇಲೆ ಮಾತ್ರ. ಭಾಷೆ ಲೆಕ್ಕಕ್ಕೇ ಬರಲಿಲ್ಲ. ಅನಟೋಲಿಯಾದ, ಅಂದರೆ ಟರ್ಕಿಯ ಏಷ್ಯಾ ಭಾಗದ, ಒಳನಾಡಿನಲ್ಲಿ ಕರಮನ್ಲಿಗಳು ಅಂತ ಇದ್ದರು. ಆರ್ಥೊಡಾಕ್ಸ್ ಕ್ರೈಸ್ತರು, ಮನೆಮಾತು ಟರ್ಕಿಷ್, ಅದನ್ನು ಬರೆಯುತ್ತಿದ್ದದ್ದು ಗ್ರೀಕ್ ಅಕ್ಷರಗಳಲ್ಲಿ. ಅವರನ್ನು ಗ್ರೀಸಿಗೆ ಕಳಿಸಿದರು. ಕ್ರೀಟ್ ದ್ವೀಪದ ಮುಸ್ಲಿಮರ ಮನೆಮಾತು ಗ್ರೀಕ್. ಅವರನ್ನು ಟರ್ಕಿಗೆ ಕಳಿಸಿದರು. ಒಟ್ಟು 15 ಲಕ್ಷಕ್ಕೂ ಹೆಚ್ಚು ಜನ ಹೀಗೆ "ತಮ್ಮ" ದೇಶಕ್ಕೆ ಹೋದರು. ಆ ದೇಶದ ಭಾಷೆ ಬಾರದ ಮುದುಕಿಯೊಬ್ಬಳು ಹಡಗಿನಿಂದ ಇಳಿದು ನಿಂತಿದ್ದನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಹೊಟ್ಟೆ ಸಂಕಟವಾಗುತ್ತದೆ. ಗ್ರೀಸಿನಲ್ಲಿ ಹೀಗೆ ಬಂದವರನ್ನು "ತುರ್ಕರ ಬೀಜ" ಅಂತ ಹಂಗಿಸುತ್ತಿದ್ದರು. ಮೊಮ್ಮಕ್ಕಳ ಕಾಲಕ್ಕೆ ಎಲ್ಲರೂ ಗ್ರೀಕರೇ, ಶಾಲೆ ಮತ್ತು ಸೈನ್ಯ ಆ ಕೆಲಸ ಮಾಡಿದವು.

ಅಕ್ಷರಬುತ್ತಿ:

ಧರ್ಮವನ್ನು ಬರೀ ಗುರುತಿನ ಚೀಟಿ ಅನ್ನುವ ಹಾಗೆ ಮಾತಾಡುವುದು ನನಗೆ ಸರಿ ಕಾಣುವುದಿಲ್ಲ. ಅರ್ಮೇನಿಯನ್ನರ ಕೊನೆಯ ರಾಜ್ಯ ಬಿದ್ದಿದ್ದು 1375ರಲ್ಲಿ, ಮತ್ತೆ ಸ್ವಂತ ದೇಶ ಬಂದಿದ್ದು 1918ರಲ್ಲಿ. ನಡುವೆ 500 ವರ್ಷಕ್ಕೂ ಜಾಸ್ತಿ. ಅಷ್ಟು ಕಾಲ ಅವರನ್ನು ಒಂದು ಜನ ಅಂತ ಹಿಡಿದಿಟ್ಟಿದ್ದು ಯಾವುದು? ಅವರದೇ ಚರ್ಚು, ಮತ್ತು 405ರ ಹೊತ್ತಿಗೆ ಮೆಸ್ರೊಪ್ ಮಾಶ್ಟೊಟ್ಸ್ ಎಂಬ ಸನ್ಯಾಸಿ ಬೈಬಲ್ ಅನುವಾದಕ್ಕೆಂದೇ ಮಾಡಿಕೊಟ್ಟ ಲಿಪಿ. ಪ್ರಾರ್ಥನೆ ಸ್ವಂತ ಭಾಷೆಯಲ್ಲಿ, ಪುಸ್ತಕ ಸ್ವಂತ ಅಕ್ಷರದಲ್ಲಿ. ಪರದೇಶಕ್ಕೆ ವ್ಯಾಪಾರಕ್ಕೆ ಹೋದವರೂ ಚರ್ಚು ಕಟ್ಟಿಕೊಂಡರು. ಇಲ್ಲಿ ಧರ್ಮ ಯಾವುದು, ಸಂಸ್ಕೃತಿ ಯಾವುದು ಅಂತ ಬಿಡಿಸಲು ಆಗುತ್ತದಾ? ಇರಾನ್ ಕೂಡ ಹಾಗೆಯೇ. 1501ರಲ್ಲಿ ಶಾ ಇಸ್ಮಾಯಿಲ್ ಶಿಯಾ ಪಂಥವನ್ನು ರಾಜ್ಯದ ಧರ್ಮ ಮಾಡಿದ್ದು ಬಲವಂತದಿಂದಲೇ. ಆದರೆ ಇವತ್ತು ಅದು ಇರಾನಿಗೆ ಎಷ್ಟು ಒಗ್ಗಿದೆ ಅಂದರೆ ಮೊಹರಂ ಶೋಕವೂ, ಇಸ್ಲಾಮಿಗಿಂತ ಹಳೆಯದಾದ ನೌರೂಜ್ ಹಬ್ಬವೂ ಒಂದೇ ಮನೆಯಲ್ಲಿ ನಡೆಯುತ್ತವೆ.

ನಕ್ಷೆಪ್ರಿಯ:

ಎಲ್ಲರಿಗೂ ಧನ್ಯವಾದ. ಹಾಗಾದರೆ ಸ್ವಿಟ್ಜರ್ಲೆಂಡ್ ಯಾಕೆ ಒಡೆಯಲಿಲ್ಲ? ಅಲ್ಲಿ ಭಾಷೆಯೂ ಬೇರೆ, ಪಂಥವೂ ಬೇರೆ ಅಲ್ವಾ?

ಹಳೆಪುಟ:

ಒಡೆಯುವ ಹತ್ತಿರ ಬಂದಿತ್ತು. 1847ರಲ್ಲಿ ಕ್ಯಾಥೊಲಿಕ್ ಪ್ರಾಂತ್ಯಗಳು ಒಕ್ಕೂಟದ ಮೇಲೆ ತಿರುಗಿಬಿದ್ದು ಯುದ್ಧವಾಯಿತು. ಒಂದು ತಿಂಗಳೊಳಗೆ ಮುಗಿಯಿತು, ಸತ್ತವರು ನೂರರ ಆಸುಪಾಸು. ಗೆದ್ದ ದಂಡನಾಯಕ ದ್ಯುಫೂರ್ ಗಾಯಗೊಂಡ ಶತ್ರುಗಳನ್ನೂ ನೋಡಿಕೊಳ್ಳಿ ಅಂತ ತನ್ನ ಸೈನಿಕರಿಗೆ ಆಜ್ಞೆ ಮಾಡಿದ್ದ. 1848ರಲ್ಲಿ ಸಂವಿಧಾನ ಬಂತು. ಮುಖ್ಯವಾದ್ದು ಇದು: ಅಲ್ಲಿ ಭಾಷೆಯ ಗೆರೆ ಒಂದು ಕಡೆ ಹೋದರೆ ಧರ್ಮದ ಗೆರೆ ಇನ್ನೊಂದು ಕಡೆ ಹೋಗುತ್ತಿತ್ತು. ಜ್ಯೂರಿಕ್, ಲುಸರ್ನ್ ಎರಡೂ ಜರ್ಮನ್ ಮಾತಿನವು, ಒಂದು ಪ್ರಾಟೆಸ್ಟಂಟ್, ಒಂದು ಕ್ಯಾಥೊಲಿಕ್. ಜಿನೀವಾ ಫ್ರೆಂಚ್ ಮಾತಾಡಿದರೂ ಪ್ರಾಟೆಸ್ಟಂಟ್. ಹೀಗಾಗಿ ಭಾಷೆಯಲ್ಲಿ ನಿಮ್ಮ ಎದುರಾಳಿಯಾದವನು ಧರ್ಮದಲ್ಲಿ ನಿಮ್ಮವನೇ ಆಗಿರುತ್ತಿದ್ದ. ಬಾಲ್ಕನ್‌ನಲ್ಲಿ ಮಾತು ಒಂದೇ ಆದರೂ ಧರ್ಮ, ಲಿಪಿ, ಯಾವ ಸಾಮ್ರಾಜ್ಯ ಆಳಿತ್ತು ಅನ್ನುವ ನೆನಪು, ಹೆಚ್ಚಿನ ಗೆರೆಗಳೆಲ್ಲ ಒಂದರ ಮೇಲೊಂದು ಬಿದ್ದವು.

ಕಡಲಂಚು:

ನಕ್ಷೆಪ್ರಿಯ ಅವರೇ, ಬೋಸ್ನಿಯಾ ಬಗ್ಗೆ ಮುಂದೆ ಓದುವಾಗ ಜನಗಣತಿಯ ಪುಟಗಳನ್ನೂ ನೋಡಿ. ಅಲ್ಲಿನ ಮುಸ್ಲಿಮನೊಬ್ಬ 1948ರಲ್ಲಿ "ಯಾವ ಜನ ಅಂತ ಹೇಳದ ಮುಸ್ಲಿಂ" ಅಂತ ಬರೆಸಬಹುದಿತ್ತು. 1953ರಲ್ಲಿ ಆ ಅವಕಾಶ ಹೋಗಿ "ಯಾವ ಜನ ಅಂತ ಹೇಳದ ಯುಗೊಸ್ಲಾವ್" ಆದ. 1971ರಲ್ಲಿ ಮುಸ್ಲಿಂ ಅನ್ನುವುದೇ ಒಂದು ರಾಷ್ಟ್ರೀಯತೆಯ ಹೆಸರಾಯಿತು. 1993ರಲ್ಲಿ, ಯುದ್ಧದ ನಡುವೆಯೇ, ಬೋಸ್ನಿಯಾಕ್ ಅನ್ನುವ ಹೆಸರನ್ನು ಅವರೇ ಆರಿಸಿಕೊಂಡರು. ಮನೆ ಬದಲಿಸದೆ, ಮಾತು ಬದಲಿಸದೆ, ಒಬ್ಬನೇ ಅಜ್ಜ ಇವೆಲ್ಲವೂ ಆಗಿರಬಹುದು.