ಬಳ್ಳಾರಿಯ ತಂಗಿ ಕೇಳಿದ ಗಾಂಜಾ ಪ್ರಶ್ನೆಗೆ

ಎಲ್ಲರಿಗೂ ನಮಸ್ಕಾರ.

ಹೋದ ವಾರ ಬಳ್ಳಾರಿಯಿಂದ ತಂಗಿಯೊಬ್ಬರು ನಮ್ಮ ಈ ಗುಂಪಿನಲ್ಲಿ ಒಂದು ಪ್ರಶ್ನೆ ಹಾಕಿದ್ದರು. ಕೆನಡಾದ ಪಿಆರ್, ಅಂದರೆ ಅಲ್ಲೇ ಕಾಯಂ ಇರುವ ಅನುಮತಿ, ಬಂದಿದೆ, ಮಗ ಏಳನೇ ಕ್ಲಾಸು, ಆದರೆ ಅಲ್ಲಿ ಮೂಲೆಮೂಲೆಗೂ ಗಾಂಜಾ ಅಂಗಡಿಯಂತಲ್ಲ, ಹುಡುಗನ್ನ ಕರ್ಕೊಂಡು ಬರೋದಾ ಬೇಡ್ವಾ ಎಂದು. ಬಂದ ಉತ್ತರಗಳನ್ನೆಲ್ಲ ಓದಿದೆ. ಅರ್ಧ ಜನ "ಏನೂ ಆಗಲ್ಲ, ಬನ್ನಿ" ಎಂದಿದ್ದಾರೆ. ಇನ್ನರ್ಧ ಜನ ಹಿಂದಿನ ಪ್ರಧಾನಿಯನ್ನು ಹಿಡಿದು "ಟ್ರುಡೊ ದೇಶ ಹಾಳು ಮಾಡಿದ" ಎಂದು ಶುರು ಮಾಡಿ ಒಬ್ಬರಿಗೊಬ್ಬರು ಬೈದುಕೊಂಡಿದ್ದಾರೆ. ಆ ಹುಡುಗನ ಸುದ್ದಿಯನ್ನೇ ಯಾರೂ ಎತ್ತಿಲ್ಲ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ.

ನಾನು ಗಂಗಾವತಿಯವಳು. ಕೆನಡಾದ ಟೊರಾಂಟೊ ಪಕ್ಕದ ಮಿಸ್ಸಿಸಾಗಾಕ್ಕೆ ಬಂದು 14 ವರ್ಷ ಆಯ್ತು. ಮಗನಿಗೆ ಈಗ 17.

ಗಂಗಾವತಿ ಕಡೆ ಬೆಳೆದವರಿಗೆ ಗಾಂಜಾ ಅಂದ ಕೂಡಲೇ ನೆನಪಾಗೋದು ವಿರುಪಾಪುರ ಗಡ್ಡಿ. ಹಂಪಿ ನೋಡಲು ಬಂದ ವಿದೇಶಿಯರು ಹರಿಗೋಲಿನಲ್ಲಿ ಹೊಳೆ ದಾಟಿ ಅಲ್ಲಿಗೆ ಬರುತ್ತಿದ್ದರು. ಬಂದವರು ವಾರಗಟ್ಟಲೆ ಉಳಿಯುತ್ತಿದ್ದರು. ಭತ್ತದ ಗದ್ದೆ ಪಕ್ಕದಲ್ಲೇ ಗೆಸ್ಟ್ ಹೌಸು, ನೆಲದ ಮೇಲೆ ಹಾಸಿಗೆ ಹಾಸಿದ ಹೋಟೆಲು. ಸಂಜೆಯಾದರೆ ಏನು ನಡೆಯುತ್ತದೆ ಎಂದು ಊರಿಗೆಲ್ಲ ಗೊತ್ತಿತ್ತು. ನಮ್ಮಪ್ಪ ಹೇಳುತ್ತಿದ್ದುದು ಒಂದೇ ಮಾತು: "ಗಡ್ಡಿ ಕಡೆ ಕಾಲಿಟ್ಟರ ಪೊಲೀಸರು ಹಿಡಕೊಂಡು ಹೋಗತಾರ ನೋಡು." ನಮಗೆ ಅಷ್ಟು ಸಾಕಾಗಿತ್ತು. ಯಾಕೆ ಸೇದಬಾರದು, ಸೇದಿದರೆ ಏನಾಗುತ್ತದೆ ಅಂತ ಅಪ್ಪ ಹೇಳಲಿಲ್ಲ, ನಾವು ಕೇಳಲೂ ಇಲ್ಲ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದು, ಮಾರ್ಚಿನಲ್ಲಿ ಗಡ್ಡಿಯ ರೆಸಾರ್ಟುಗಳನ್ನೆಲ್ಲ ಕೆಡವಿದರು. ಅದು ಗಾಂಜಾಕ್ಕಾಗಿ ಅಲ್ಲ ಬಿಡಿ, ಪಾರಂಪರಿಕ ಪ್ರದೇಶದಲ್ಲಿ ಅಕ್ರಮ ಕಟ್ಟಡ ಅನ್ನೋ ಕಾರಣಕ್ಕೆ. ಆದರೂ ಫೋನಿನಲ್ಲಿ ಅಪ್ಪನ ದನಿಯಲ್ಲಿ ಗೆದ್ದ ಖುಷಿ ಇತ್ತು.

ಅಷ್ಟು ಹೊತ್ತಿಗೆ ನಾನಿದ್ದ ದೇಶದಲ್ಲಿ ಅದೇ ಸೊಪ್ಪು ಬಿಲ್ಲು ಕೊಟ್ಟು ಮಾರುವ ಸರಕಾಗಿತ್ತು. 2015ರ ಚುನಾವಣೆಯಲ್ಲಿ ಟ್ರುಡೊ ಪಕ್ಷ ಮಾತು ಕೊಟ್ಟಿತ್ತು. 2018ರ ಜೂನ್‌ನಲ್ಲಿ ಸೆನೆಟ್ 52-29 ಮತಗಳಿಂದ ಒಪ್ಪಿತು. ಅಕ್ಟೋಬರ್ 17ಕ್ಕೆ ಜಾರಿ. ಇಡೀ ದೇಶಕ್ಕೆ ಒಂದೇ ಕಾನೂನು ಮಾಡಿ ಗಾಂಜಾ ಬಿಟ್ಟವರಲ್ಲಿ ಉರುಗ್ವೆ ಮೊದಲು, ಕೆನಡಾ ಎರಡನೆಯದು. ಈ ಕಾನೂನಿನ ಕೆಲಸಕ್ಕೆ ಟ್ರುಡೊ ಮುಂದೆ ನಿಲ್ಲಿಸಿದ್ದು ಬಿಲ್ ಬ್ಲೇರ್ ಅವರನ್ನು. ಅವರು ಅದಕ್ಕೂ ಮೊದಲು ಟೊರಾಂಟೊ ಪೊಲೀಸ್ ಮುಖ್ಯಸ್ಥರಾಗಿದ್ದವರು. ಗಾಂಜಾ ಹಿಡಿಯುತ್ತಿದ್ದ ಪೊಲೀಸರ ಯಜಮಾನನೇ ಬಿಡಿ ಎಂದ ಮೇಲೆ ವಿರೋಧಿಗಳ ಬಾಯಿ ಅರ್ಧ ಕಟ್ಟಿತು. ರಾಜಕೀಯ ಅಂದರೆ ಇದು ನೋಡಿ.

ಆ ವರ್ಷಗಳ ವಾದ ಕೇಳಿದವರಿಗೆ ಒಂದು ತಮಾಷೆ ನೆನಪಿರಬಹುದು. ಎರಡೂ ಕಡೆಯವರ ಬಾಯಲ್ಲೂ ಮಕ್ಕಳೇ. ಸರ್ಕಾರ ಹೇಳಿತು: ಈಗ ಕದ್ದು ಮಾರುವವನು ವಯಸ್ಸು ಕೇಳಲ್ಲ, ಅಂಗಡಿಯವನು ಕೇಳುತ್ತಾನೆ, ಹಾಗಾಗಿ ಮಕ್ಕಳ ಒಳ್ಳೆಯದಕ್ಕೇ ಕಾನೂನು. ಕನ್ಸರ್ವೇಟಿವ್ ಪಕ್ಷದವರು ಹೇಳಿದ್ದು: ಮನೆಯಲ್ಲಿ ನಾಲ್ಕು ಗಿಡ ಬೆಳೆಯಲು ಬಿಟ್ಟರೆ ಮಕ್ಕಳ ಕೈಗೆ ಸಿಗಲ್ವಾ? ಎರಡೂ ಸುಳ್ಳಲ್ಲ. ಆದರೆ ಒಳಗಿನ ಲೆಕ್ಕ ಬೇರೆ ಇತ್ತು. ಮಾರಾಟ ಯಾರದು, ತೆರಿಗೆ ಯಾರಿಗೆ, ಅಂಗಡಿ ಯಾವ ಊರಲ್ಲಿ? ಗ್ರಾಮಿಗೆ ಒಂದು ಡಾಲರ್ ಅಥವಾ ಬೆಲೆಯ ಶೇ 10, ಯಾವುದು ಜಾಸ್ತಿಯೋ ಅಷ್ಟು ಸುಂಕ. ಅದರಲ್ಲಿ ಮುಕ್ಕಾಲು ಪಾಲು ಪ್ರಾಂತ್ಯಗಳಿಗೆ. ಆ ಹಂಚಿಕೆ ಮುಗಿದ ಮೇಲೆ ಜಗಳವೂ ತಣ್ಣಗಾಯ್ತು. ಬೈದ ಪಕ್ಷದವರು ಕೂಡ ಈಗ ಮತ್ತೆ ನಿಷೇಧ ಮಾಡುತ್ತೇವೆ ಎಂದು ಓಟು ಕೇಳಲ್ಲ.

ನಮ್ಮ ಮಿಸ್ಸಿಸಾಗಾ ಮೊದಲಿಗೆ ಅಂಗಡಿ ಬೇಡ ಎಂದಿತ್ತು. ನಮ್ಮ ಒಂಟಾರಿಯೊ ಪ್ರಾಂತ್ಯದಲ್ಲಿ ಊರಿನ ಕೌನ್ಸಿಲ್‌ಗೆ ಬೇಡ ಎನ್ನುವ ಅವಕಾಶ ಇತ್ತು. ಪಕ್ಕದ ಬ್ರಾಂಪ್ಟನ್ ಬೇಕು ಎಂದಿತು. ಅಂದರೆ ರಸ್ತೆಯ ಈ ಕಡೆ ಇಲ್ಲ, ಆ ಕಡೆ ಇದೆ. ರಾಯಚೂರಿನವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ, ಸೇಂದಿಗೆ ತೆಲಂಗಾಣದ ಗಡಿ ದಾಟುವವರನ್ನು ನೋಡಿಯೇ ಬೆಳೆದಿರುತ್ತಾರೆ. ಕೊನೆಗೆ 2023ರಲ್ಲಿ ಮಿಸ್ಸಿಸಾಗಾವೂ ಒಪ್ಪಿತು. ಈಗ ಇಲ್ಲೂ ಅಂಗಡಿಗಳಿವೆ. ಗಾಜಿನೊಳಗೆ ಏನಿದೆ ಎಂದು ಹೊರಗಿನಿಂದ ಕಾಣಲ್ಲ. ಶಾಲೆಯಿಂದ 150 ಮೀಟರ್ ದೂರ ಇರಬೇಕು. 19 ತುಂಬದವರನ್ನು ಒಳಗೆ ಬಿಡಲ್ಲ. ತಂಗೀ, ನಿಮ್ಮ ಮಗನಿಗೆ ಆ ಅಂಗಡಿಯಿಂದ ತೊಂದರೆ ಇಲ್ಲ ಎಂದು ನಾನು ಗಟ್ಟಿಯಾಗಿ ಹೇಳಬಲ್ಲೆ. ತೊಂದರೆ ಬರೋದು ಅವನ ಜೊತೆ ಓದುವ ಹುಡುಗನ ಅಣ್ಣನ ಬ್ಯಾಗಿನಿಂದ.

ನಮ್ಮ ಮನೆಗೂ ಹಾಗೇ ಬಂತು. ಮಗ ಹತ್ತನೇ ಗ್ರೇಡಿನಲ್ಲಿದ್ದ. ಒಗೆಯೋಕೆ ಹಾಕುವ ಮುಂಚೆ ಜೇಬು ನೋಡುವ ಅಭ್ಯಾಸ ನನಗೆ. ಜಾಕೆಟ್ಟಿನಲ್ಲಿ ಸಣ್ಣ ಖಾಲಿ ಕವರ್ ಸಿಕ್ಕಿತು. ಕೆಂಪು ಚೌಕಟ್ಟಿನಲ್ಲಿ ಎಲೆ, ಕೆಳಗೆ ಟಿಎಚ್‌ಸಿ ಅಂತ ಮೂರಕ್ಷರ, ಗಾಂಜಾದಲ್ಲಿ ಮತ್ತೇರಿಸುವ ಅಂಶದ ಹೆಸರು. ಗಮ್ಮಿ, ಅಂದರೆ ಮಕ್ಕಳು ತಿನ್ನುವಂಥದೇ ಮೆತ್ತನೆ ಮಿಠಾಯಿ. ಕೈ ನಡುಗಿತು. ಅವನು ಬಂದ ಕೂಡಲೇ ಗಂಗಾವತಿ ಬಾಯಿ ತೆಗೆದೆ. ಪೊಲೀಸರು, ಜೈಲು, ಮಾನ, ಅಜ್ಜನ ಹೆಸರು, ಎಲ್ಲ ಬಂತು. ಅವನು ಸುಮ್ನೆ ಕೇಳಿಸಿಕೊಂಡ. ಆಮೇಲೆ ಕೇಳಿದ, "ಅಮ್ಮಾ, ಇನ್ನು ಮೂರು ವರ್ಷ ಆದ ಮೇಲೆ ಪೊಲೀಸ್ ಬರಲ್ಲ. ಆವಾಗ ಏನಂತೀಯಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಪ್ಪನಿಂದ ನಾನು ತಂದಿದ್ದು ಪೊಲೀಸರ ಲಾಠಿ ಒಂದೇ. ಈ ದೇಶ ಅದನ್ನು 19ನೇ ಹುಟ್ಟುಹಬ್ಬದ ದಿನ ಕೈಯಿಂದ ಕಸಿದುಕೊಳ್ಳುತ್ತದೆ. ಈ ಗುಂಪಿನಲ್ಲಿ ಕಾನೂನನ್ನು ಬೈಯುವವರ ಕೋಪದಲ್ಲಿ ಅರ್ಧ ಇದೇ ಇರಬೇಕು ಎಂದು ನನ್ನ ಗುಮಾನಿ. ನಮ್ಮ ಕೆಲಸವನ್ನು ಪೊಲೀಸ್ ಇಲಾಖೆಗೆ ವಹಿಸಿ ಆರಾಮಾಗಿದ್ದೆವು, ಅವರು ರಾಜೀನಾಮೆ ಕೊಟ್ಟರು.

ಆಮೇಲೆ ಓದೋಕೆ ಕೂತೆ. ಒಂದು ಗಮ್ಮಿ ತಿಂದರೆ ತಕ್ಷಣ ಏನೂ ಆಗಲ್ಲ. ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಏನೂ ಆಗಲಿಲ್ಲ ಅಂತ ಹುಡುಗರು ಇನ್ನೊಂದು ತಿನ್ನುತ್ತಾರೆ, ಆಗ ಎರಡೂ ಸೇರಿ ಹಿಡಿಯುತ್ತದೆ. ಕಾನೂನುಬದ್ಧ ಪ್ಯಾಕೆಟ್ಟಿನಲ್ಲಿ ಒಟ್ಟು 10 ಮಿಲಿಗ್ರಾಂ ಟಿಎಚ್‌ಸಿ ಮೀರುವಂತಿಲ್ಲ. ಕದ್ದು ಮಾರುವ ಪ್ಯಾಕೆಟ್ಟಿಗೆ ಆ ಮಿತಿ ಯಾರು ಹಾಕುತ್ತಾರೆ? ಮೆದುಳು ಸುಮಾರು 25ರವರೆಗೂ ಬೆಳೆಯುತ್ತಿರುತ್ತದೆ. ಹದಿಹರೆಯದಲ್ಲಿ ಶುರು ಮಾಡಿ ದಿನಾ ಸೇದಿದರೆ ನೆನಪು, ಓದು ಕೆಡುತ್ತದೆ. ಮನೆತನದಲ್ಲಿ ಮಾನಸಿಕ ಕಾಯಿಲೆ ಇದ್ದರಂತೂ ಅಪಾಯ ಇನ್ನೂ ಜಾಸ್ತಿ. ನಮ್ಮ ಮನೆತನದಲ್ಲಿ ಇದೆ. ಅದನ್ನು ಮಗನಿಗೆ ಅವತ್ತಿನವರೆಗೂ ಹೇಳಿರಲಿಲ್ಲ, ಮರ್ಯಾದೆ ನೋಡಿ. ಅವನ ಸೋದರಮಾವನ ಕಥೆಯನ್ನು ಆ ರಾತ್ರಿ ಪೂರ್ತಿ ಹೇಳಿದೆ. ಪೊಲೀಸರ ಮಾತಿಗಿಂತ ಅವನು ಅದನ್ನು ಹೆಚ್ಚು ಕಿವಿಗೊಟ್ಟು ಕೇಳಿದ.

ಚಿಕ್ಕ ಮಕ್ಕಳಿರುವವರಿಗೂ ಒಂದು ಮಾತು. ಗಮ್ಮಿ ಅಂಗಡಿಗೆ ಬಂದ ಮೇಲೆ ಒಂಟಾರಿಯೊದಲ್ಲಿ ಪುಟ್ಟ ಮಕ್ಕಳು ಮಿಠಾಯಿ ಅಂದುಕೊಂಡು ತಿಂದು ಆಸ್ಪತ್ರೆ ಸೇರೋದು ಜಾಸ್ತಿಯಾಗಿದೆ. ಮನೆ ಹಂಚಿಕೊಂಡಿರುವ ಹೊಸಬರು, ಬೇಸ್‌ಮೆಂಟ್ ಬಾಡಿಗೆಗೆ ಕೊಟ್ಟವರು ಇದನ್ನು ತಲೆಯಲ್ಲಿಟ್ಟುಕೊಳ್ಳಿ.

ಹೋದ ಡಿಸೆಂಬರಿನಲ್ಲಿ ಊರಿಗೆ ಹೋಗಿದ್ದೆವು. ಸಂಜೆ ಕಟ್ಟೆ ಮೇಲೆ ಅಪ್ಪ, ಕಾಕಾ, ಲಿಂಗಸುಗೂರಿನಿಂದ ಬಂದಿದ್ದ ಚಿಗವ್ವ. ಕಾಕಾನೇ ಶುರು ಮಾಡಿದ, "ಅಲ್ಲಬೇ, ನಿಮ್ಮ ಸರಕಾರಾನ ಗಾಂಜಾ ಮಾರತೈತಂತಲ್ಲ, ಖರೇನ?" ಖರೆ ಎಂದೆ. ಒಂಟಾರಿಯೊದಲ್ಲಿ ಸರ್ಕಾರದ್ದೇ ಆನ್‌ಲೈನ್ ಅಂಗಡಿ ಇದೆ. ಅಪ್ಪ ಎದ್ದು ಒಳಗೆ ಹೋಗಿಬಿಡುತ್ತಾರೆ ಎಂದುಕೊಂಡೆ. ಹೋಗಲಿಲ್ಲ.

ಕಾಕಾ ರೈಸ್ ಮಿಲ್ಲಿನಲ್ಲಿ ಮುನೀಮ ಆಗಿದ್ದವನು. ಎಲ್ಲದಕ್ಕೂ ಲೆಕ್ಕ. "2007ರಾಗ ಸಾರಾಯಿ ಬಂದ್ ಮಾಡಿದರು. ಕುಡಿಯೋದು ಬಂದ್ ಆತೇನು? ಸೇಂದಿ ಅಂತ ಸಿ.ಎಚ್. ಪೌಡರ್ ಅನ್ನೋ ಮತ್ತಿನ ಪುಡಿ ಕಲಸಿದ ನೀರು ಕುಡದು ಮಂದಿ ಹಾಳಾದರು. ಸರಕಾರ ನೋಡಿ ಮಾರಿದರ ವಿಷಾರ ಇರೂದಿಲ್ಲ." ಕೆನಡಾದ ಪಾರ್ಲಿಮೆಂಟಿನಲ್ಲಿ ವರ್ಷಗಟ್ಟಲೆ ನಡೆದ ವಾದವನ್ನು ಅವನು ಒಂದು ಎಲೆಯಡಿಕೆ ಹಾಕುವಷ್ಟರಲ್ಲಿ ಮುಗಿಸಿದ. ಅಪ್ಪನ ಉತ್ತರವೂ ಸಣ್ಣದು: "ಸರಕಾರ ಮಾರಾಕ ನಿಂತರ ಕುಡೀಬ್ಯಾಡ ಅಂತ ಹೇಳವರು ಯಾರೋ?" ನನಗೆ ಇಬ್ಬರೂ ಸರಿ ಅನ್ನಿಸಿದರು. ಅಪ್ಪನ ಮಾತು ಸ್ವಲ್ಪ ಜಾಸ್ತಿ ನಾಟಿತು.

ಆಗ ಚಿಗವ್ವ ಬಾಯಿ ಬಿಟ್ಟಳು. "ತಿಂಥಣಿ ಮೌನೇಶ್ವರನ ಜಾತ್ರ್ಯಾಗ ಪ್ರಸಾದ ಕೊಡತಾರಲ್ಲ, ಅದನ್ನೇನಂತೀರಿ?" ಕಟ್ಟೆ ಮೇಲೆ ಯಾರೂ ಮಾತಾಡಲಿಲ್ಲ. ಕೃಷ್ಣಾ ದಂಡೆಯ ತಿಂಥಣಿಯಲ್ಲಿ ಜಾತ್ರೆಗೆ ಭಕ್ತರಿಗೆ ಗಾಂಜಾ ಪ್ರಸಾದ ಸಿಗುವುದು ಪತ್ರಿಕೆಗಳಲ್ಲೂ ಬಂದ ಸಂಗತಿ. ಆರೂಢ, ಅವಧೂತ ಪರಂಪರೆಯವರು ಅದನ್ನು ಧ್ಯಾನಕ್ಕೆ ಎನ್ನುತ್ತಾರೆ. ಚಿಗವ್ವನ ಪ್ರಕಾರ ಅಲ್ಲಿಗೆ ಬಂದ ಮುದುಕರು ಚಿಲುಮೆ ಹಿಡಿದು ತತ್ವಪದ ಹಾಡಿ, ಬೆಳಿಗ್ಗೆ ಎದ್ದು ಹೊಲಕ್ಕೆ ಹೋಗುತ್ತಾರೆ. ಅದು ಅವಳ ಮಾತು. ಮನೆಗೆ ಹೋಗಿ ಮಲಗಿದವರ ಲೆಕ್ಕ ಅವಳು ಇಟ್ಟಿಲ್ಲ.

ನನ್ನ ಮಗ ಫೋನು ತೆಗೆದು ನಮ್ಮ ದೇಶದ ಕಾನೂನು ಹುಡುಕಿದ. ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆ, 1985. ಅದರಲ್ಲಿ ಗಾಂಜಾ ಅಂದರೆ ಗಿಡದ ಹೂವು, ಕಾಯಿ ಬಿಟ್ಟ ತುದಿ. ತುದಿ ಇಲ್ಲದ ಬರೀ ಎಲೆ, ಬರೀ ಬೀಜ ಆ ಲೆಕ್ಕಕ್ಕೆ ಬರಲ್ಲ. ಅದಕ್ಕೇ ಉತ್ತರದ ಕೆಲವು ರಾಜ್ಯಗಳಲ್ಲಿ ಎಲೆ ಅರೆದು ಮಾಡುವ ಭಂಗಿಗೆ ಸರ್ಕಾರಿ ಲೈಸೆನ್ಸ್ ಅಂಗಡಿ ಇದೆ. 1961ರ ವಿಶ್ವಸಂಸ್ಥೆಯ ಒಪ್ಪಂದದಲ್ಲೇ ಎಲೆಯನ್ನು ಹೊರಗಿಟ್ಟಿದ್ದರು. ಒಂದೇ ಗಿಡ. ತುದಿ ಹಿಡಿದರೆ ಕೇಸು, ಎಲೆ ಅರೆದರೆ ಹೋಳಿ ಹಬ್ಬ. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯಲ್ಲಿ ಗಾಂಜಾವನ್ನು ಅತಿ ಅಪಾಯದ ಪಟ್ಟಿಯಿಂದ ತೆಗೆಯುವ ಬಗ್ಗೆ ಮತ ನಡೆದಾಗ 27-25ರಲ್ಲಿ ಭಾರತ 27ರ ಕಡೆ ಇತ್ತು. ಅದೇ ವರ್ಷ ನಮ್ಮ ಟಿವಿಗಳಲ್ಲಿ ದಿನವಿಡೀ ಡ್ರಗ್ಸ್ ಸುದ್ದಿ, ಸಿನಿಮಾದವರ ಬಂಧನ. ಪಂಜಾಬಿನ ಸಂಸದ ಧರ್ಮವೀರ ಗಾಂಧಿಯವರಂಥ ಒಬ್ಬಿಬ್ಬರು ಕಾನೂನು ಸಡಿಲ ಮಾಡಿ ಎಂದು ಕೇಳಿದ್ದಾರೆ. ಓಟಿನ ಲೆಕ್ಕದಲ್ಲಿ ಅದಕ್ಕೆ ಕೈ ಹಾಕುವ ದೊಡ್ಡ ಪಕ್ಷ ನನಗಂತೂ ಕಾಣುತ್ತಿಲ್ಲ.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣ ಇದೆ. ನಮ್ಮ ಮಕ್ಕಳು ಈ ಎರಡು ಕಾನೂನಿನ ನಡುವೆ ಓಡಾಡುತ್ತಾರೆ. ಕೆನಡಾದಲ್ಲಿ ವಯಸ್ಸಿಗೆ ಬಂದವರು 30 ಗ್ರಾಂ ಜೇಬಿನಲ್ಲಿಟ್ಟುಕೊಂಡು ನಡೆದಾಡಬಹುದು. ಅದರಲ್ಲಿ ಒಂದು ಗ್ರಾಂ ಇಟ್ಟುಕೊಂಡು ವಿಮಾನ ಹತ್ತಿ ದೇಶ ಬಿಟ್ಟರೂ ಕೆನಡಾ ಕಾನೂನಿಗೇ ಅಪರಾಧ. ಬೆಂಗಳೂರಿನಲ್ಲಿ ಇಳಿದರೆ ಎನ್‌ಡಿಪಿಎಸ್. ಅಲ್ಲಿ ಒಂದು ಕಿಲೋದವರೆಗೂ 'ಸಣ್ಣ ಪ್ರಮಾಣ' ಅನ್ನುತ್ತಾರೆ ನಿಜ, ಆದರೆ ಅದಕ್ಕೂ ಒಂದು ವರ್ಷದವರೆಗೆ ಜೈಲು ಇದೆ. ಹುಡುಗರು ಬೇಕಂತ ಒಯ್ಯಲ್ಲ, ಬ್ಯಾಗಿನ ಮೂಲೆಯಲ್ಲಿ ಮರೆತಿರುತ್ತಾರೆ. ಹೊರಡುವ ಹಿಂದಿನ ರಾತ್ರಿ ನಾನು ಮಗನ ಬ್ಯಾಗಿನ ಪ್ರತಿ ಜಿಪ್ ತೆಗೆದು ನೋಡಿದೆ. ಅವನು ಬೈದ. ಬೈಯಲಿ.

ಅಮೆರಿಕದ ಗಡಿ ಇನ್ನೂ ಬಿಗಿ. ಅಲ್ಲಿ ಎಷ್ಟೋ ರಾಜ್ಯಗಳು ಒಪ್ಪಿವೆ, ಕೊಲರಾಡೊ ಮತ್ತು ವಾಷಿಂಗ್ಟನ್ 2012ರಲ್ಲೇ ಒಪ್ಪಿದವು. ಆದರೆ ಕೇಂದ್ರದ ಕಾನೂನು ಒಪ್ಪಿಲ್ಲ, ವೀಸಾ, ಗ್ರೀನ್ ಕಾರ್ಡ್ ಎಲ್ಲ ಕೇಂದ್ರದ್ದು. ನಯಾಗರ ದಾಟುವಾಗ ಅಧಿಕಾರಿ ಕೇಳಿದ್ದಕ್ಕೆ "ಹೌದು, ಸೇದಿದ್ದೇನೆ" ಎಂದರೆ ಒಳಗೆ ಬಿಡದೆ ವಾಪಸ್ ಕಳಿಸಬಹುದು. ಅಲ್ಲೇ ಇರುವ ನಮ್ಮವರಿಗೂ ಅಷ್ಟೇ. ರಾಜ್ಯದಲ್ಲಿ ಕಾನೂನುಬದ್ಧ ಇದ್ದರೂ ಪೌರತ್ವದ ಅರ್ಜಿಗೆ ಅಡ್ಡ ಬರಬಹುದು ಎಂದು 2019ರಲ್ಲೇ ಅಲ್ಲಿನ ವಲಸೆ ಇಲಾಖೆ ಬರೆದು ಹೇಳಿದೆ.

ಇನ್ನು ಕೆನಡಾದಲ್ಲಿ ಪಿಆರ್ ಮೇಲಿರುವವರು ಇದನ್ನು ಎರಡು ಸಲ ಓದಿ. ಗಾಂಜಾ ಸೇದಿ ಗಾಡಿ ಓಡಿಸುವ ಅಪರಾಧಕ್ಕೆ 2018ರ ಡಿಸೆಂಬರಿನಿಂದ ಗರಿಷ್ಠ ಶಿಕ್ಷೆ 10 ವರ್ಷ. ಹತ್ತು ವರ್ಷ ಆದ ಕೂಡಲೇ ಅದು ವಲಸೆ ಕಾನೂನಿನಲ್ಲಿ ಗಂಭೀರ ಅಪರಾಧದ ಸಾಲಿಗೆ ಸೇರುತ್ತದೆ. ಕೋರ್ಟ್ ಬರೀ ದಂಡ ಹಾಕಿ ಬಿಟ್ಟರೂ ಪಿಆರ್ ಕಳೆದುಕೊಳ್ಳುವ ಸ್ಥಿತಿ ಬರಬಹುದು. ಇಲ್ಲಿನ ಪೌರನಾದ ಗೆಳೆಯನಿಗೆ ಲೈಸೆನ್ಸು ಹೋಗುತ್ತದೆ, ನಮ್ಮ ಹುಡುಗನಿಗೆ ದೇಶವೇ ಹೋಗಬಹುದು. ಇದನ್ನು ಶಾಲೆಯಲ್ಲಿ ಹೇಳಿಕೊಡಲ್ಲ.

ಈಗ ತಂಗೀ, ನಿಮ್ಮ ಪ್ರಶ್ನೆಗೆ. ಬನ್ನಿ. ಬಳ್ಳಾರಿಯಲ್ಲಿ ಉಳಿದರೆ ಗಾಂಜಾ ಸಿಗಲ್ಲ ಅಂತ ನಿಮಗೂ ನಂಬಿಕೆ ಇರಲಿಕ್ಕಿಲ್ಲ. ಹತ್ತಿ, ತೊಗರಿ ಸಾಲಿನ ನಡುವೆ ಬೆಳೆದು ಸಿಕ್ಕಿಬಿದ್ದ ಸುದ್ದಿ ನಮ್ಮ ಕಡೆಯ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಮಗ ಏಳನೇ ಕ್ಲಾಸು ಅಂದಿರಿ, ಒಳ್ಳೆಯದೇ ಆಯ್ತು, ಇನ್ನೂ ನಿಮ್ಮ ಮಾತು ಕೇಳುವ ವಯಸ್ಸು. ವಿಮಾನ ಹತ್ತುವ ಮೊದಲೇ ಅವನ ಜೊತೆ ಮಾತಾಡಿ. ಮನೆತನದಲ್ಲಿ ಮುಚ್ಚಿಟ್ಟಿದ್ದು ಏನಾದರೂ ಇದ್ದರೆ ಅದನ್ನೂ ಹೇಳಿ.

ಅಂದಹಾಗೆ ಸೋನಾ ಮಸೂರಿ ಹೊತ್ತು ತರಬೇಡಿ, ಇಲ್ಲಿ ಸಿಗುತ್ತೆ. ಗುರೆಳ್ಳು ಪುಡಿ ಮಾತ್ರ ಸರಿಯಾದ್ದು ಸಿಗಲ್ಲ. ಎರಡು ಡಬ್ಬಿ ಜಾಸ್ತಿ ತಂದರೆ ಒಂದು ನನಗೆ. ಕಸ್ಟಮ್ಸ್‌ನಲ್ಲಿ ಏನಿದು ಎಂದು ಕೇಳಿದರೆ ಧೈರ್ಯವಾಗಿ ಮುಚ್ಚಳ ತೆಗೆದು ತೋರಿಸಿ.