ಹಳೇ ಜರ್ಮನ್ ಡ್ರಿಲಿಂಗ್ (ಮೂರು ನಳಿಗೆಯ ಬೇಟೆ ಕೋವಿ): ಯಾರು ಮಾಡಿದ್ದು ಅಂತ ಗೊತ್ತಾಗುತ್ತಿಲ್ಲ, ಸಹಾಯ ಬೇಕು

ಕಾಡುದಾರಿ: ಮ್ಯೂನಿಕ್‌ನಿಂದ ಬರೆಯುತ್ತಿದ್ದೇನೆ. ಲೈಸೆನ್ಸ್ ಸರಿಯಾಗಿದೆ, ಆ ಚರ್ಚೆ ಬೇಡ. ಕೋವಿ ಮೇಲೆ ‘ಕ್ರುಪ್ ಎಸೆನ್’ ಅಂತಿದೆ, ಜೊತೆಗೆ ಮೂರು ಉಂಗುರ. ಕ್ರುಪ್ ಬೇಟೆ ಕೋವಿ ಮಾಡಿದ್ದು ಎಲ್ಲೂ ಸಿಗುತ್ತಿಲ್ಲ. ಹುಡುಕಿ ಹುಡುಕಿ ತಲೆ ಕೆಟ್ಟಿದೆ.

ಮೂರುನಳಿಗೆ: ಜೆ.ಪಿ. ಸೌವರ್ ಕಂಪನಿಯದು. ಉಂಗುರ ನೋಡಿದರೇ ಗೊತ್ತಾಗುತ್ತದೆ.

ಹಳೇಮಚ್ಚು: ಇಲ್ಲ ಸಾರ್. ಉಂಗುರ ಕ್ರುಪ್ ಕಂಪನಿಯ ಬ್ಯಾರಲ್ ಉಕ್ಕಿನದು. ಆ ಉಕ್ಕನ್ನು ಸೌವರ್ ಇದ್ದ ಸೂಲ್ ಊರಿನ ಬೇರೆ ಕೋವಿ ತಯಾರಕರೂ ಬಳಸುತ್ತಿದ್ದರು. ಕಾಡುದಾರಿಯವರೇ, ಮುಂದಿನ ಮರ ಬಿಚ್ಚಿ, ಬ್ಯಾರಲ್ ಕಳಚಿ, ಅಡಿಯ ಚಪ್ಪಟೆ ಜಾಗ ನೋಡಿ. ಅಸಲು ಕಥೆ ಇರುವುದು ಅಲ್ಲಿ.

ಮೂರುನಳಿಗೆ: ನನ್ನ ಹತ್ತಿರ ಇರುವುದೂ ಸೌವರ್, ಅದೇ ಉಂಗುರ. ರೈಫಲ್ ತೋಟಾ 9.3×72 ಆರ್. ಹೊಸ ದುರ್ಬೀನು ಕೂರಿಸಿದ್ದೇನೆ, ಅದ್ಭುತವಾಗಿದೆ.

ಕಾಡುದಾರಿ: ಬಿಚ್ಚಿದೆ. ಕಿರೀಟದ ಕೆಳಗೆ ಬಿ, ಯು, ಜಿ, ಎಸ್, ಡಬ್ಲ್ಯೂ ಎಲ್ಲ ಇವೆ. ಸುತ್ತಿನೊಳಗೆ 16. ರೈಫಲ್ ಬ್ಯಾರಲ್ ಹತ್ತಿರ 118.35. ಒಂದು ಕಡೆ ಸಣ್ಣದಾಗಿ ಎಫ್.ಕೆ. ಸೌವರ್‌ನವರ ದೊಣ್ಣೆ ಹಿಡಿದ ಕಾಡುಮನುಷ್ಯನ ಗುರುತು ಇಲ್ಲ.

ಹಳೇಮಚ್ಚು: ಇದನ್ನು ಮೊದಲೇ ಹೇಳಬೇಕಿತ್ತು! ಕಿರೀಟದ ಮುದ್ರೆಗಳು ಜರ್ಮನಿಯ 1891ರ ಕೋವಿ ಪರೀಕ್ಷೆ ಕಾಯ್ದೆಯವು, 1893ರಿಂದ ಜಾರಿ. ಯು ತಪಾಸಣೆಗೆ, ಜಿ ರೈಫಲ್ ಬ್ಯಾರಲ್‌ಗೆ, ಎಸ್ ಚರೆ ಬ್ಯಾರಲ್‌ಗೆ, ಡಬ್ಲ್ಯೂ ಚೋಕ್‌ಗೆ, ಅಂದರೆ ತುದಿ ಕಿರಿದಾದ ಬ್ಯಾರಲ್‌ಗೆ. 118.35 ಅಂದರೆ ಒಳವ್ಯಾಸದ ಹಳೇ ಲೆಕ್ಕ, ಒಂದು ಪೌಂಡ್ ಸೀಸದಲ್ಲಿ ಅಷ್ಟು ಗುಂಡು ಬರುವ ಅಳತೆ. ಸುಮಾರು 8.6 ಮಿ.ಮೀ. ಕಿರೀಟದ ಕೆಳಗೆ ಎನ್ (ಹೊಗೆರಹಿತ ಮದ್ದಿನ ಪರೀಕ್ಷೆಯ ಮುದ್ರೆ) ಇದೆಯಾ? ತಿಂಗಳು-ವರ್ಷದ ಅಂಕಿ?

ಕಾಡುದಾರಿ: ಎರಡೂ ಇಲ್ಲ.

ಹಳೇಮಚ್ಚು: ಹಾಗಾದರೆ ಮೊದಲ ಮಹಾಯುದ್ಧಕ್ಕೂ ಮುಂಚಿನದು ಅಂತ ಕಾಣುತ್ತದೆ. ಎಫ್.ಕೆ. ಬ್ಯಾರಲ್ ಮಾಡಿದವರದೂ ಇರಬಹುದು. ಸೂಲ್‌ನಲ್ಲಿ ಒಂದೇ ಕೋವಿಗೆ ಹಲವರು ಕೈ ಹಾಕುತ್ತಿದ್ದರು.

ಗಂಧಕ: ಮುದ್ರೆ ಮಸುಕಾಗಿದ್ದರೆ ಸ್ವಲ್ಪ ಎಮರಿ ಹಾಳೆ ಹಾಕಿ ಉಜ್ಜಿ.

ಹಳೇಮಚ್ಚು: ಬೇಡವೇ ಬೇಡ! ಮುದ್ರೆ ಹೋದರೆ ಕೋವಿಯ ಜಾತಕವೇ ಹೋಯಿತು. ಎಣ್ಣೆ, ಬಟ್ಟೆ ಸಾಕು. ಬೇಕಾದರೆ ಓರೆಯಾಗಿ ಟಾರ್ಚ್ ಹಿಡಿಯಿರಿ.

ಗಂಧಕ: ನಾನು ಯಾವತ್ತೂ ಹಾಗೇ ಮಾಡಿರುವುದು, ಏನೂ ಆಗಿಲ್ಲ.

ಹಳೇಮಚ್ಚು: ನಿಮ್ಮ ಕೋವಿ, ನಿಮ್ಮಿಷ್ಟ. ಕಾಡುದಾರಿಯವರೇ, ಅದಕ್ಕಿಂತ ಮುಖ್ಯವಾದದ್ದು: ಹಳೇ ಹದಿನಾರು ಗೇಜಿನ ಚೇಂಬರ್ (ತೋಟಾ ಕೂರುವ ಜಾಗ) ಸಾಮಾನ್ಯವಾಗಿ 65 ಮಿ.ಮೀ. ಉದ್ದ. ಈಗಿನ 70ರ ತೋಟಾ ಹಾಕಬೇಡಿ. ನಿಮ್ಮೂರಿನ ಗನ್‌ಸ್ಮಿತ್ ಹತ್ತಿರ ಚೇಂಬರ್ ಅಚ್ಚು ತೆಗೆಸಿ ಅಳೆಸಿ. ಎಫ್.ಕೆ. ಗುರುತಿನ ಹತ್ತಿರದ ಫೋಟೊ ಹಾಕಿ.

ಮೂರುನಳಿಗೆ: ನನ್ನ ಪ್ರಕಾರ ಈಗಲೂ ಸೌವರ್.