ಹತ್ಶೆಪ್ಸುತ್ ಒಬೆಲಿಸ್ಕ್: 15ನೇ ವರ್ಷ ಶುರು, 16ನೇ ವರ್ಷ ಮುಗಿತು, ಆದರೂ ಏಳೇ ತಿಂಗಳು?

ಕಪ್ಪಗಲ್ಲು_ಓದುಗ (ಬಳ್ಳಾರಿ)

ಕಾಲೇಜು ವಸ್ತುಪ್ರದರ್ಶನಕ್ಕೆ ಈಜಿಪ್ಟಿನ ಫೇರೋ ಹತ್ಶೆಪ್ಸುತ್ ಬಗ್ಗೆ ಒಂದು ಫಲಕ ತಯಾರಾಗ್ತಿದೆ. ಬಳ್ಳಾರಿ ಹತ್ತಿರದ ಸಂಗನಕಲ್ಲಿನ ನವಶಿಲಾಯುಗದ ಕಲ್ಲುಕೊಡಲಿಗಳ ಫಲಕದ ಪಕ್ಕದಲ್ಲೇ ಇದರ ಜಾಗ. ಕಾರ್ನಾಕ್ ದೇವಾಲಯದಲ್ಲಿರೋ ಆಕೆಯ ಒಬೆಲಿಸ್ಕ್ (ಒಂದೇ ಕಲ್ಲಿನ, ಚೂಪುತುದಿಯ ಎತ್ತರದ ಕಂಬ) ಪೀಠದ ಶಾಸನದಲ್ಲಿ ಕೆಲಸ ಆಳ್ವಿಕೆಯ 15ನೇ ವರ್ಷ ಶುರುವಾಗಿ 16ನೇ ವರ್ಷ ಮುಗಿತು ಅಂತ ಇದೆ, ಅದರ ಬೆನ್ನಿಗೇ ಒಟ್ಟು ಏಳು ತಿಂಗಳು ಅಂತಲೂ ಇದೆ. ಲೆಕ್ಕ ತಪ್ಪಿದೆಯಾ? ಆಳಿದ್ದು 15 ವರ್ಷವೋ 21 ವರ್ಷವೋ? ಕಲ್ಲು ಸೀಳಿದ್ದು ಹಂಪಿ, ಆನೆಗೊಂದಿ ಬಂಡೆಗಳ ಹಾಗೆ ಸಾಲುತೂತು ಕೊರೆದು, ಮರದ ಬೆಣೆ ಬಡಿದು, ನೀರು ಹಾಕಿಯೋ? ಆಕೆ ಸತ್ತ ಕೂಡಲೇ ಮಲಮಗ ಸಿಟ್ಟಿಗೆ ಹೆಸರು ಕೆತ್ತಿಹಾಕಿಸಿದ ಅಂತಲೂ ಕರಡಿನಲ್ಲಿ ಬರೆದಿದೆ. ಅದು ಸರಿಯಾ?

ಮಸ್ಕಿ_ಅಕ್ಷರ (ರಾಯಚೂರು)

ಲೆಕ್ಕ ತಪ್ಪಿಲ್ಲ. ಈಜಿಪ್ಟಿನ ವರ್ಷಕ್ಕೆ ಮೂರು ಋತು (ಕ್ರಮವಾಗಿ ಅಖೆತ್, ಪೆರೆತ್, ಶೆಮು), ಋತುವಿಗೆ ನಾಲ್ಕು ತಿಂಗಳು, ತಿಂಗಳಿಗೆ 30 ದಿನ, ಕೊನೆಗೆ ಮೇಲಿನ ಐದು ದಿನ. ಶಾಸನ ಹೇಳೋದು 15ನೇ ವರ್ಷದ ಪೆರೆತ್ ಋತು ಎರಡನೇ ತಿಂಗಳ ಮೊದಲ ದಿನದಿಂದ 16ನೇ ವರ್ಷದ ಶೆಮು ನಾಲ್ಕನೇ ತಿಂಗಳ 30ನೇ ದಿನದವರೆಗೆ. ಪೆರೆತ್‌ದು ಮೂರು ತಿಂಗಳು, ಶೆಮುದು ನಾಲ್ಕು. ಏಳು ತಿಂಗಳು, 210 ದಿನ. ಆದರೆ ಆಳ್ವಿಕೆಯ ವರ್ಷ ಬದಲಾಗೋದು ಹೊಸವರ್ಷಕ್ಕಲ್ಲ, ಪಟ್ಟಕ್ಕೆ ಬಂದ ದಿನಕ್ಕೆ. ಅದು ಶೆಮು ಮೊದಲ ತಿಂಗಳ 4ನೇ ದಿನ. ಕೆಲಸ ಅರ್ಧಕ್ಕೆ ಬಂದಾಗ 15 ಹೋಗಿ 16 ಆಗಿದೆ, ಅಷ್ಟೆ.

ತಮಾಷೆ ಅಂದ್ರೆ ಆ ದಿನ ಆಕೆಯ ಪಟ್ಟದ್ದಲ್ಲ, ಮೂರನೇ ಥುತ್ಮೋಸನದು. ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. ಗಂಡ ಎರಡನೇ ಥುತ್ಮೋಸ್ ತೀರಿದಾಗ ಸವತಿಯ ಮಗ ಇನ್ನೂ ಕೂಸು. ಅವನ ಹೆಸರಲ್ಲಿ ಈಕೆ ಆಡಳಿತ ಹಿಡಿದಳು, ಆಮೇಲೆ ತಾನೇ ರಾಜ ಅನ್ನಿಸಿಕೊಂಡಳು, ವರ್ಷದ ಎಣಿಕೆ ಮಾತ್ರ ಅವನದೇ ಮುಂದುವರಿಯಿತು. ಸೆನೆನ್ಮುತ್ ಅನ್ನೋ ಅಧಿಕಾರಿಯ ತಂದೆತಾಯಿಯ ಗೋರಿಯಲ್ಲಿ 7ನೇ ವರ್ಷ ಅಂತ ಬರೆದ ಹೂಜಿ ಸಿಕ್ಕಿದೆ. ಜೊತೆಗಿದ್ದ ಹೂಜಿಗಳ ಪೈಕಿ ಒಂದರ ಮುದ್ರೆಯಲ್ಲಿ ‘ದೇವಪತ್ನಿ ಹತ್ಶೆಪ್ಸುತ್’ (ರಾಜ ಅನ್ನಿಸಿಕೊಳ್ಳೋ ಮುಂಚಿನ ಬಿರುದು), ಬೇರೆಯವುಗಳ ಮೇಲೆ ‘ಮಾತ್ಕಾರೆ’, ಅಂದ್ರೆ ಆಕೆಯ ಪಟ್ಟದ ಹೆಸರು. ಗೋರಿ ಮುಚ್ಚೋ ಹೊತ್ತಿಗೆ ರಾಜಪಟ್ಟ ಆಗಿತ್ತು. 22ನೇ ವರ್ಷಕ್ಕೆ ಥುತ್ಮೋಸ್ ಒಬ್ಬನೇ ಉಳಿದ. ಅಧಿಕಾರ ಕೈಲಿದ್ದದ್ದು ಸುಮಾರು 21 ವರ್ಷ, ರಾಜಬಿರುದಿನಲ್ಲಿ ಸುಮಾರು 15. ಎರಡೂ ಬರೆಯಿರಿ. ಕ್ರಿಸ್ತಪೂರ್ವ 1479–1458 ಅನ್ನೋದಕ್ಕೆ ‘ಸುಮಾರು’ ಸೇರಿಸೋದು ಮರೀಬೇಡಿ.

ಸಿಟ್ಟಿನ ಕಥೆ ತೆಗೆದುಹಾಕಿ. ಹೆಸರು ಅಳಿಸೋ ಕೆಲಸ ಶುರುವಾದದ್ದು ಆಕೆ ಸತ್ತು ಸುಮಾರು 20 ವರ್ಷ ಆದಮೇಲೆ, ಥುತ್ಮೋಸನ ಮುಪ್ಪಿನಲ್ಲಿ. ಅಷ್ಟು ದಿನ ಯಾರೂ ಸಿಟ್ಟು ಹುದುಗಿಟ್ಟುಕೊಂಡು ಕೂರಲ್ಲ. ಮಗ ಎರಡನೇ ಅಮೆನ್‌ಹೋತೆಪನ ಪಟ್ಟಕ್ಕೆ ಅಡ್ಡಿ ಬರದಿರಲಿ ಅಂತ ಮಾಡಿದ್ದು ಅನ್ನೋದೇ ಹೆಚ್ಚು ಹೊಂದುತ್ತೆ. ಅಳಿಸಿದವರು ಎಲ್ಲಾ ಕಡೆ ಅಳಿಸಲೂ ಇಲ್ಲ. 1829ರಲ್ಲಿ ದೇರ್ ಎಲ್ ಬಹ್ರಿಗೆ, ಅಂದ್ರೆ ಆಕೆ ಕಟ್ಟಿಸಿದ ದೇವಾಲಯಕ್ಕೆ, ಹೋದ ಈಜಿಪ್ಟ್ ಚಿತ್ರಲಿಪಿ ಓದಿದ ವಿದ್ವಾಂಸ ಶಾಂಪೋಲಿಯನ್, ಗಡ್ಡ ಇರೋ ರಾಜನಿಗೆ ಸ್ತ್ರೀಲಿಂಗದ ಪ್ರತ್ಯಯ ಕಂಡು ತಬ್ಬಿಬ್ಬಾದ. ಕೆತ್ತಿಹಾಕಿದವರ ಕಣ್ಣಿಗೆ ವ್ಯಾಕರಣ ಬಿದ್ದಿರಲಿಲ್ಲ.

ಕರಿಕಲ್ಲು (ಕೊಪ್ಪಳ)

ಬೆಣೆ ವಿಷ್ಯಾ ನಾ ಹೇಳ್ತೀನಿ. ಆನೆಗೊಂದಿ ಕಡೆ ಕಾಣೋ ತೂತಿನ ಸಾಲು ಕಬ್ಬಿಣದ ಉಳಿ ಇದ್ದವರ ಕೆಲಸ. ಈ ಒಬೆಲಿಸ್ಕ್ ಕಲ್ಲು ತಗದ ಅಸ್ವಾನ್ ಕ್ವಾರಿಯೊಳಗೂ ಅಂಥಾ ತೂತು ಅದಾವ, ಆದ್ರ ಅವು ಬಹಳ ಆಮೇಲಿನ ಕಾಲದ್ದು. ಹತ್ಶೆಪ್ಸುತ್ ಕಾಲಕ್ಕ ಉಳಿ ಅಂದ್ರ ತಾಮ್ರ, ಕಂಚು. ಗ್ರಾನೈಟ್‌ನಾಗಿನ ಬೆಣಚಿಗೆ ಅದು ಸವೆದು ಹೋಗ್ತದ. ಇನ್ನ ಬೆಣೆ ಹೊಡದ್ರ ಕಲ್ಲು ತನಗೆ ಬೇಕಾದ ಕಡೆ ಸೀಳ್ತದ. 30 ಮೀಟರ್ ಉದ್ದಕ್ಕ ಅದನ್ನ ನಂಬಾಕ ಆಗಂಗಿಲ್ಲ.

ಅವರು ಸೀಳಿಲ್ಲ, ಕುಟ್ಯಾರ. ಡೋಲರೈಟ್ ಅನ್ನೋ ಗಟ್ಟಿ ಕರಿಕಲ್ಲಿನ ಗುಂಡು, ತೂಕ ಹೆಚ್ಚೂಕಮ್ಮಿ 5 ಕೆಜಿ. ಎರಡೂ ಕೈಲೆ ಎತ್ತಿ ಕುಕ್ಕಿದ್ರ ಗ್ರಾನೈಟ್ ಹರಳು ಪುಡಿ ಆಗ್ತದ, ಪುಡಿ ಗುಡಿಸಿ ಮತ್ತ ಕುಕ್ಕೋದು. ಹಿಂಗ ಸುತ್ತಲೂ ಸುಮಾರು 75 ಸೆಂ.ಮೀ ಅಗಲದ ಕಾಲುವೆ ತೋಡ್ಯಾರ. ಒಬ್ಬೊಬ್ಬಗ ಸುಮಾರು 60 ಸೆಂ.ಮೀ ಪಾಲು. ಅದಕ್ಕ ಕಾಲುವೆ ಗೋಡಿ ಬೋಗುಣಿ ಜೋಡಿಸಿಟ್ಟಂಗ ಕಾಣ್ತದ. ಯಾರು ಎಷ್ಟು ಇಳಿಸ್ಯಾರ ಅಂತ ಅಳೆಯಾಕ ಗೋಡಿ ಮ್ಯಾಲೆ ಕೆಮ್ಮಣ್ಣಿನ ಗೀಟು ಅದಾವ. 1922ರ ಸುಮಾರಿಗೆ ಈ ಕ್ವಾರಿ ಅಭ್ಯಾಸ ಮಾಡಿದ ಎಂಗಲ್‌ಬಾಕ್ ತಾನ ಕುಟ್ಟಿ ನೋಡಿದ: ಒಬ್ಬನ ಪಾಲಿನ ಕಾಲುಭಾಗದಾಗ ಒಂದು ತಾಸಿಗೆ ಸುಮಾರು 5 ಮಿ.ಮೀ. ಅಡಿಗೆ ಹೊಕ್ಕು ಕಲ್ಲು ಬಿಡಿಸೋದಂತೂ ಅಡ್ಡ ಕುಂತು ಕುಟ್ಟೋ ಕೆಲಸ. ಕಾರ್ನಾಕ್ ಒಬೆಲಿಸ್ಕ್ 29.5 ಮೀಟರ್, 320 ಟನ್ ಆಸುಪಾಸು, ಅಂಥವು ಎರಡು. ಏಳು ತಿಂಗಳು ಅನ್ನೋದನ್ನ ಶಾಸನದಾಗ ಕೊಚ್ಚಿಕೊಂಡಿದ್ದು ಸುಮ್ಮನಲ್ಲ.

ಕೆಟ್ಟರ ಎಲ್ಲಿ ಕೆಡ್ತದ ಅನ್ನೋದಕ್ಕ ಅಲ್ಲೇ ಮಲಗಿರೋ ಅಪೂರ್ಣ ಒಬೆಲಿಸ್ಕ್ ನೋಡ್ರಿ. ಸುಮಾರು 42 ಮೀಟರ್, ಸಾವಿರ ಟನ್ ಮ್ಯಾಲೆ. ಕಾಲುವೆ ಆಳ ಆದಂಗ ಬಿರುಕು ತೋರ್ತು. ಅದರೊಳಗ ಸಣ್ಣದಾದ್ರೂ ಸಿಗಲಿ ಅಂತ ಮತ್ತ ಗೆರೆ ಹಾಕ್ಯಾರ, ಅದೂ ಆಗಲಿಲ್ಲ, ಬಿಟ್ಟು ಹೋಗ್ಯಾರ. ಅದರ ಮ್ಯಾಲೆ ಯಾರ ಹೆಸರೂ ಇಲ್ಲ, ಹಂಗಾಗಿ ‘ಹತ್ಶೆಪ್ಸುತ್‌ದು’ ಅಂತ ಖಡಾಖಂಡಿತ ಬರೀಬ್ಯಾಡ್ರಿ.

ಮಸ್ಕಿ_ಅಕ್ಷರ (ರಾಯಚೂರು)

ಇನ್ನೊಂದು. ದೋಣಿಯಲ್ಲಿ ಎರಡು ಒಬೆಲಿಸ್ಕ್ ಸಾಗಿಸೋ ಉಬ್ಬುಶಿಲ್ಪ ಹಾಕೋ ಯೋಚನೆ ಇದ್ದರೆ ಅಡಿಬರಹ ಜೋಪಾನ. ದೇರ್ ಎಲ್ ಬಹ್ರಿಯ ಆ ಚಿತ್ರ, 27 ದೋಣಿ ಮೂರು ಸಾಲಾಗಿ ಎಳೆಯೋದು, ಮೊದಲಿನ ಜೋಡಿಯದು. ಏಳು ತಿಂಗಳ ಶಾಸನ ಎರಡನೇ ಜೋಡಿಯದು. ಆ ಜೋಡೀಲಿ ಒಂದು ಈಗಲೂ ನಿಂತಿದೆ, ಇನ್ನೊಂದರ ತುದಿ ದೇವಾಲಯದ ಪವಿತ್ರ ಕೊಳದ ಹತ್ತಿರ ಇದೆ.

ಕಪ್ಪಗಲ್ಲು_ಓದುಗ (ಬಳ್ಳಾರಿ)

ಬೆಣೆಯ ಚಿತ್ರ ತೆಗೆದಾಯ್ತು, ‘ಸಿಟ್ಟು’ ಅಳಿಸಾಯ್ತು. ಡೋಲರೈಟ್ ಅಂದ್ರಲ್ಲ, ಸಂಗನಕಲ್ಲು ಹಿರೇಗುಡ್ಡದ ಕೊಡಲಿಗಳೂ ಅದೇ ಕಲ್ಲಲ್ವಾ? ಎರಡೂ ಒಂದೇ ಅಂತ ಬರೆಯಬಹುದಾ?

ಕರಿಕಲ್ಲು (ಕೊಪ್ಪಳ)

ಕಲ್ಲಿನ ಜಾತಿ ಒಂದ, ಕೆಲಸ ಬ್ಯಾರೆ. ವ್ಯಾಪಾರದಾಗ ‘ಬ್ಲ್ಯಾಕ್ ಗ್ರಾನೈಟ್’ ಅಂತ ಮಾರೋ ಕಲ್ಲಿನೊಳಗ ಬಹಳಷ್ಟು ಇದ ಡೋಲರೈಟ್. ಕಾಲವೂ ಹತ್ತಿರ ಬರ್ತದ, ಎರಡೂ ಕ್ರಿಸ್ತಪೂರ್ವ ಎರಡನೇ ಸಹಸ್ರಮಾನ. ಆದ್ರ ಹಿರೇಗುಡ್ಡದಾಗ ಕಲ್ಲು ಚಕ್ಕೆ ಎಬ್ಬಿಸಿ, ಕುಟ್ಟಿ, ನೀರು ಹಾಕಿ ಬಂಡೆಗಲ್ಲಿನ ಮ್ಯಾಲೆ ಅರೆದು ಅಂಚು ತಗಿದಾರ. ಅಸ್ವಾನ್ ಗುಂಡಿಗೆ ಅಂಚು ಬೇಕಿಲ್ಲ, ದುಂಡಗಿದ್ದಷ್ಟೂ ಛಲೋ. ಮೂಲೆ ಇದ್ರ ಅಲ್ಲೇ ಒಡೀತದ. ಒಡೆದದ್ದನ್ನ ಪಕ್ಕಕ್ಕ ಒಗೆದು ಇನ್ನೊಂದು ಎತ್ತಿಕೊಳ್ಳೋದು. ಫಲಕದಾಗ ಎರಡರ ಚಿತ್ರಾನೂ ಒಂದ ಅಳತೀಲೆ ಹಾಕ್ರಿ.